ನೆರೆಮನೆಯ ಟಿ.ವಿ.ಯಲ್ಲಿ ಫ್ರಾನ್ಸ್

ಸಿಯಾಟಲ್ ಬಳಿಯ ಮಿಲ್ ಕ್ರೀಕ್‌ನಲ್ಲಿ ನಮ್ಮ ನೆರೆಮನೆಯವರಾಗಿದ್ದ ಎಂಜಿನಿಯರೊಬ್ಬರು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ರಜೆ ಕಳೆದು ಬಂದವರು. ಊಟಕ್ಕೆ ಬಂದವರಿಗೆಲ್ಲ ಮಧ್ಯಯುಗದ ಊರುಗಳ ಚಿತ್ರಗಳನ್ನು ಟಿ.ವಿ.ಯಲ್ಲಿ ತೋರಿಸಿ, ಬೆರಳುಗಳಿಂದ ಗಾಳಿಯನ್ನು ಸವರುತ್ತ, “ಕಲ್ಲು ನೋಡ್ರಿ, ಕಲ್ಲು!” ಎನ್ನುತ್ತಿದ್ದರು. ಮುಂದಿನ ರಜೆಗಾದರೂ ತವರಿಗೆ ಹೋಗಬೇಕೆಂಬುದು ಅವರ ಪತ್ನಿಯ ಆಸೆ. ಪತಿಗೆ ಮತ್ತೆ ಫ್ರಾನ್ಸೇ ಬೇಕು.

ಒಂದು ಭಾನುವಾರ ಪರದೆಯ ಮೇಲೆ ಕಲ್ಲುಮೆಟ್ಟಿಲಿನ ಇಕ್ಕಟ್ಟಾದ ಓಣಿಯೊಂದು ಮೂಡಿತು.

“ಇದರ ಮುಂದ ಸಿಯಾಟಲ್ ಏನ್ರೀ? ಎಂಥಾ ಹಿಸ್ಟರಿ!” ಎಂದರು ಎಂಜಿನಿಯರರು.

ನಾವೆಲ್ಲರೂ ತಲೆದೂಗಿದೆವು, ಅಜ್ಞಾನಿಯೆನಿಸಬಾರದೆಂದು ನಾನು ತುಸು ಹೆಚ್ಚೇ ತೂಗಿದೆ.

“ಅದು ಗುಳೇದಗುಡ್ಡರೀ, ನಮ್ಮ ತವರಮನಿ ಓಣಿ. ನಿಮ್ಮ ಫೋಟೋದಾಗ ನಾನೇ ಸೇರಿಸೀನಿ,” ಎಂದರು ಪತ್ನಿ. “ಈ ಸಲ ಹೋಗೂಣೇನ್ರಿ?”

ಎಂಜಿನಿಯರರು ಕನ್ನಡಕವನ್ನು ಸರಿಪಡಿಸಿಕೊಂಡು ಪರದೆಯ ಹತ್ತಿರ ಹೋಗಿ ಮತ್ತೊಮ್ಮೆ ನೋಡಿದರು.

“ಭಾಳ ಧೂಳ ಐತಲ್ಲ,” ಎಂದರು.