ಕಂಪ್ಯೂಟರಿಗೆ ಬಾರದ ಚೌಕಾಸಿ

ಹಾಸನದ ಬಸ್ ನಿಲ್ದಾಣದೆದುರು ಕೊತ್ತಂಬರಿ ಮಾರುವ ಜಯಮ್ಮ ಒಂದು ಬೆಲೆ ಹೇಳುತ್ತಾಳೆ, ನಾನು ಅದರರ್ಧಕ್ಕೆ ಕೇಳುತ್ತೇನೆ. ಆಕೆ ನನ್ನ ವಂಶದ ಜಿಪುಣತನವನ್ನು ಕೊಂಡಾಡುತ್ತಾಳೆ, ನಾನು ಸೊಪ್ಪಿನ ಬಾಡಿದ ಮುಖಕ್ಕಾಗಿ ಶೋಕಿಸುತ್ತೇನೆ. ಕೊನೆಗೆ ನಡುವೆಲ್ಲೋ ಸಂಧಾನವಾಗಿ ಇಬ್ಬರೂ ಗೆದ್ದ ಗಾಂಭೀರ್ಯದಿಂದ ಬೇರಾಗುತ್ತೇವೆ. ಇದನ್ನು ಚೌಕಾಸಿಯೆಂದು ಹೀನಾಯವಾಗಿ ಕಾಣುವವರಿದ್ದಾರೆ. ರಾಗಿ ಮಂಡಿಯಲ್ಲಿ ಮೂಟೆ ಹೊತ್ತು, ಈಗ ಸ್ವಂತ ಮಂಡಿ ಇಟ್ಟುಕೊಂಡಿರುವ ನಾನು ಇದನ್ನು ಶಿಷ್ಟಾಚಾರವೆನ್ನುತ್ತೇನೆ. ಮೊದಲ ಮಾತಿಗೇ ನಿಜ ಹೇಳುವುದೆಂದರೆ ಊಟಕ್ಕೆ ಕರೆದೊಡನೆ ಎಲೆಯ ಮುಂದೆ ಕೂತುಬಿಟ್ಟಂತೆ. ತಪ್ಪೇನಲ್ಲ, ಆದರೆ ನೋಡಿದವರು ಏನೆಂದುಕೊಂಡಾರು?

ಈ ನಾಗರಿಕತೆಯ ಪರಿಚಯವಿಲ್ಲದೆ ಬಂದವಳು ಪದ್ಮಿನಿ. ಜಿನನಾಥಪುರದ ನನ್ನ ಜೈನ ಗೆಳೆಯರ ಮಗಳು, ಕೃಷಿ ಅರ್ಥಶಾಸ್ತ್ರದ ಸಂಶೋಧಕಿ. ಕಂಪ್ಯೂಟರಿನೊಳಗೆ ಒಂದು ಹಳ್ಳಿ ಕಟ್ಟಿ, ಸರ್ಕಾರ ಅಲ್ಲಿ ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರ ತೆರೆದರೆ ರೈತನಿಂದ ಹಿಡಿದು ಟೀ ಅಂಗಡಿಯವನವರೆಗೆ ಯಾರ ಬದುಕು ಎಷ್ಟು ಹಸನಾದೀತೆಂದು ಮುಂಗಂಡು ಹೇಳುವುದು ಆಕೆಯ ವಿದ್ಯೆ. ಅದಕ್ಕೆ ಆರಿಸಿಕೊಂಡದ್ದು ಹೊಳೆನರಸೀಪುರದ ಕಡೆಯಿರುವ ನನ್ನ ಹೆಂಡತಿಯ ತವರೂರನ್ನು. ಭಾಮೈದ ರಂಗಣ್ಣ ಪ್ರತಿವರ್ಷ ದೂರದ ಕೇಂದ್ರಕ್ಕೆ ಟ್ರ್ಯಾಕ್ಟರಿನಲ್ಲಿ ರಾಗಿ ಒಯ್ದು, ಸರದಿ ಬರುವವರೆಗೆ ಮೂಟೆಗಳ ಮೇಲೆಯೇ ಮಲಗುವವನು. ಊರಲ್ಲೇ ಕೇಂದ್ರ ಬೇಕೆಂದು ಆಕೆಯ ವರದಿ ಹೇಳಿದರೆ ಆ ಕಷ್ಟ ತೀರುವುದಿತ್ತು. ನನ್ನ ಮಂಡಿಗೆ ಬರುವ ರಾಗಿ ಕಡಿಮೆಯಾದೀತು, ನಿಜ. ಆದರೆ ಹೆಂಡತಿಯ ತವರಿನ ಮುಂದೆ ಯಾವ ಅರ್ಥಶಾಸ್ತ್ರ?

ಸಲಹೆ ಕೊಡದೆ ಇರುವುದು ನನಗೆ ಬಾರದು. ಯಾರೇ ಕೇಳಲಿ, ಮೊದಲು ಕಡಿಮೆ ಹೇಳಿ, ಏರಿಸುವುದು ಅವರ ಕೆಲಸ ಎಂದು ಊರವರಿಗೆಲ್ಲ ಹೇಳಿಟ್ಟೆ.

"ಎಷ್ಟು ರಾಗಿ ಬೆಳೀತೀರಿ?" ಎಂದಳು ಪದ್ಮಿನಿ.

"ಎಲ್ ಬೆಳೀತದವ್ವಾ, ಮುದ್ದೆಗಾದ್ರೆ ಎಚ್ಚು" ಎಂದ ರಂಗಣ್ಣ, ಆಕೆ ನಕ್ಕು ತಕರಾರು ತೆಗೆಯಲೆಂದು ಕಾದ. ಆಕೆ ಅಷ್ಟನ್ನೇ ಕೈಯಲ್ಲಿದ್ದ ಟ್ಯಾಬಿನಲ್ಲಿ ಒತ್ತಿಕೊಂಡು ಮುಂದಿನ ಮನೆಗೆ ಹೋದಳು. ಊರಿಗೆ ಊರೇ ಹೀಗೆ ಉತ್ತರಿಸಿ, ಹೀಗೆಯೇ ಕಾದಿತು.

ಕಂಪ್ಯೂಟರಿನ ತೀರ್ಪು ಬಂತು: ಈ ಹಳ್ಳಿಯಲ್ಲಿ ಮಾರಲು ರಾಗಿಯೇ ಇಲ್ಲ, ಖರೀದಿ ಕೇಂದ್ರಕ್ಕಿಂತ ಪಡಿತರ ಹೆಚ್ಚಿಸುವುದು ಲೇಸು.

"ನಿನ್ ಬುದ್ಧಿ ಕೇಳಿ ಊರೇ ಉಪ್ವಾಸ ಬಿತ್ತಲ್ಲ ಭಾವ! ಈ ಸಲ ಮೂಟೆ ಮ್ಯಾಲೆ ನೀನೇ ಬಂದ್ ಮನೀಕೊ" ಎಂದು ರಂಗಣ್ಣ ಫೋನಿನಲ್ಲಿ ಗುಡುಗಿದ. ನಾನು ಪದ್ಮಿನಿಯ ಬಳಿಗೆ ಓಡಿ, ಎಲ್ಲರ ಲೆಕ್ಕವನ್ನೂ ಇಮ್ಮಡಿ ಮಾಡಮ್ಮ ಎಂದೆ. ಒಪ್ಪಲಿಲ್ಲ. ಒಂದೂವರೆ ಪಾಲಿಗೆ ಇಳಿದೆ.

"ಅಂಕಲ್, ಇದು ಮಂಡಿಯಲ್ಲ" ಎಂದಳು. ಆದರೆ ಲೆಕ್ಕದಲ್ಲೇನೋ ಎಡವಟ್ಟಾಗಿದೆಯೆಂದು ಕೊಯ್ಲಾದ ಮೇಲೆ ಊರವರನ್ನು ಮತ್ತೆ ಕೇಳಲು ಬಂದಳು.

ಈ ಸಲ ನಿಜವನ್ನೇ ಹೇಳಬೇಕೆಂದು ರಂಗಣ್ಣ ಬಾಯಿ ತೆರೆದ. "ಏನೋ, ಮುದ್ದೆಗಾದೀತು ಕಣವ್ವಾ" ಎಂಬುದೇ ಹೊರಬಂತು. ಅಭ್ಯಾಸಬಲ. ಪದ್ಮಿನಿ ಅವನ ಬೆನ್ನ ಹಿಂದೆ ಮನೆಗಿಂತ ಎತ್ತರವಾಗಿ ನಿಂತಿದ್ದ ರಾಗಿ ಮೆದೆಯನ್ನು ನೋಡಿದಳು.

"ಇಷ್ಟೂ ಮುದ್ದೆಗೇನಾ? ಮನೇಲಿ ಆನೆ ಸಾಕಿದ್ದೀರಾ?"

ರಂಗಣ್ಣನ ಮುಖ ಅರಳಿತು. ಕೊನೆಗೂ ಮರ್ಯಾದೆಯಿಂದ ಮಾತಾಡುವವರು ಸಿಕ್ಕಿದ್ದರು. ಅವನು ಕೊಂಚ ಏರಿಸಿದ, ಆಕೆ ಮತ್ತೂ ಏರಿಸಿದಳು. ಅವನು ಮಳೆಯನ್ನು ಬೈದ, ಆಕೆ ಮೆದೆಯನ್ನು ತೋರಿಸಿದಳು. ಹೀಗೆ ಹತ್ತುತ್ತ ಹತ್ತುತ್ತ ಇಬ್ಬರೂ ನಿಜಕ್ಕೆ ತಲುಪಿ ಕಾಫಿ ಕುಡಿದರು. ಪ್ರತಿ ಮನೆಯಲ್ಲೂ ಇದೇ ನಡೆಯಿತು. ಕೇಂದ್ರ ಬಂತು, ರಂಗಣ್ಣ ಈಗ ಮನೆಯಲ್ಲೇ ಮಲಗಿ, ಮನೆಯಲ್ಲಿ ನಿದ್ದೆ ಬರುವುದಿಲ್ಲವೆಂದು ದೂರುತ್ತಾನೆ. ಕೇಳದಿದ್ದರೂ ಒಂದು ಸಲಹೆ: ಹಳ್ಳಿಗೆ ಪ್ರಶ್ನೆ ಹೊತ್ತು ಹೋಗುವವರನ್ನು ಸರ್ಕಾರ ಮೊದಲು ಕೆಲವು ದಿನ ಸೊಪ್ಪು ಕೊಳ್ಳಲು ಕಳಿಸಲಿ.

ನಿನ್ನೆ ಯಾವ ಲಹರಿಯಲ್ಲಿದ್ದೆನೋ, ಜಯಮ್ಮ ಹೇಳಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಟ್ಟುಬಿಟ್ಟೆ. ಆಕೆ ಗಾಬರಿಯಿಂದ ನೋಡಿದಳು.

"ಯಾಕ್ ಸಾ, ಮೈಗ್ ಉಸಾರಿಲ್ವಾ?"

ಚೆನ್ನಾಗಿಯೇ ಇದ್ದೇನೆಂದೆ. ಆಕೆಯ ಮುಖ ಸೊಪ್ಪಿಗಿಂತ ಹೆಚ್ಚು ಬಾಡಿತು.

"ಅಂಗಾದ್ರೆ ನಾನೇ ಕಮ್ಮಿ ಏಳ್ಬುಟ್ನೇನೋ."