ಕರಿಯವ್ವನ ಅಳೆಯದ ಕೈ

ಅಂತೂರ ಬೆಂತೂರದ ಕರಿಯವ್ವನ ಮನೆಗೆ ಯಾರೇ ಹೋಗಲಿ, ಹೊಟ್ಟೆ ಬಿರಿಯುವಷ್ಟು ಉಂಡಲ್ಲದೆ ಏಳುವಂತಿರಲಿಲ್ಲ. ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆಯೇ ಸಾರು ಸುರಿಯುವವಳು ಆಕೆ. ಇದು ಅತ್ತೆ ಮುದುಕವ್ವ ಕಲಿಸಿಹೋದ ಪಾಠ. "ಅಳದು ನೀಡೋ ಮನ್ಯಾಗ ಲಕ್ಷ್ಮಿ ಕುಂಡ್ರಂಗಿಲ್ಲವಾ" ಎಂದು ಆ ಹಿರಿಯ ಜೀವ ಕೊನೆಯವರೆಗೂ ಹೇಳುತ್ತಿತ್ತು. ಬಂದ ಬೀಗರಿಗೂ ಬಾಗಿಲ ನಾಯಿಗೂ ಆ ಮನೆಯಲ್ಲಿ ಒಂದೇ ನೀತಿ. ಹಂದಿಗಳಿಗೂ ಅದೇ.

ಹಂದಿ ಸಾಕುವುದು ಮಾವನ ಕಾಲದಿಂದ ಬಂದ ಕಸುಬು. ಆಗ ಅವಕ್ಕೆ ಕೊಟ್ಟಿಗೆಯಿರಲಿಲ್ಲ. ಬೆಳಗಾದರೆ ತಾವೇ ಹಳ್ಳದ ದಾರಿ ಹಿಡಿದು, ಮಣ್ಣು ಕೆದರಿ, ಬೇರು, ಹುಳು, ಎಲುವಿನ ತುಣುಕು ಸಿಕ್ಕಿದ್ದನ್ನು ತಿಂದು, ಬಿಸಿಲು ಕಾಸಿಕೊಂಡು ಸಂಜೆಗೆ ಮರಳುತ್ತಿದ್ದವು. ಈ ಸುಖಕ್ಕೆ ಕುತ್ತು ಬಂದದ್ದು ಪುಂಡಲೀಕಪ್ಪನ ಶೇಂಗಾ ಹೊಲದಿಂದ. ಬೆಳೆ ಕೀಳುವ ಹೊತ್ತಿಗೆ ಸರಿಯಾಗಿ ಹಂದಿಗಳು ಹೊಲಕ್ಕೆ ನುಗ್ಗಿ, ಸಾಲು ಸಾಲಾಗಿ ಬುಡಮೇಲು ಮಾಡಿಬಿಟ್ಟವು.

ಪುಂಡಲೀಕಪ್ಪ ಊರ ಕಟ್ಟೆಯ ಮೇಲೆ ಎಲ್ಲರೆದುರು ಅವಳನ್ನು ತಡೆದು ಕೇಳಿದ. "ಕರಿಯವ್ವ, ಶೇಂಗಾ ಕೀಳಾಕ ಆಳು ಹುಡಕಾಕ ಹತ್ತಿದ್ದೆ. ನಿನ್ನ ಹಂದಿ ಕರೀದನ ಬಂದು ಕಿತ್ತಾವು ನೋಡು. ಪಗಾರಾನೂ ತಾವ ತಗೊಂಡಾವು. ಕಾಳು ಅವಕ್ಕ, ಹೊಟ್ಟು ನನಗ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕರಿಯವ್ವನಿಗೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ನಗೆ ತಡೆಯಲಾಗಲಿಲ್ಲ. "ಕಾಕಾ, ಇನ್ನ ಮ್ಯಾಲ ನನ್ನ ಒಂದ ಹಂದಿ ನಿಮ್ಮ ಬದು ದಾಟಂಗಿಲ್ಲರಿ. ದಾಟಿತಂದ್ರ ನಾ ಹಂದಿ ಸಾಕೂದ ಬಿಟ್ಟಬಿಡತೀನಿ" ಎಂದಳು. ನಾಲ್ಕು ಜನರ ನಡುವೆ ಆಡಿದ ಮಾತು ಅದು.

ಗಂಡ ಗಾಳೆಪ್ಪನಿಗೆ ಈ ಮಾತು ಹಿಡಿಸಲಿಲ್ಲ. "ನೆಲಾ ಕಾಣದ ಹಂದಿ ನಿಂದರಂಗಿಲ್ಲ. ನಮ್ಮಪ್ಪ ಯಾವತ್ತರ ಕಟ್ಟಿ ಹಾಕಿದ್ನೇನು?" ಎಂದು ಗೊಣಗಿದ. ಗೊಣಗುತ್ತಲೇ ಹಿತ್ತಲಿನಲ್ಲಿ ಕೊಟ್ಟಿಗೆ ಕಟ್ಟಿಕೊಟ್ಟ. ನೆಲಕ್ಕೆ ಪರಸಿ ಕಲ್ಲು, ಮೇಲೆ ತಗಡು, ಸುತ್ತಲೂ ಮೋಟು ಗೋಡೆ, ಅದರ ಮೇಲೆ ಗಾಳಿ ತಾಗದಂತೆ ತಗಡಿನ ಮರೆ. ದೀಪಾವಳಿಯ ಹೊತ್ತಿಗೆ ಅದರಲ್ಲಿಯೇ ಮೊದಲ ಸೂಲು ಆಯಿತು. ಗಾಳೆಪ್ಪ ತನ್ನ ತಂದೆ ಮಾಡುತ್ತಿದ್ದಂತೆ ಗುಡ್ಡದ ಕೆಂಪು ಮಣ್ಣನ್ನು ತಂದು ಎಳೆ ಮರಿಗಳ ಮುಂದೆ ಸುರಿದ. ಅವು ಮೂತಿ ಕೆಂಪಗೆ ಮಾಡಿಕೊಂಡು ನೆಕ್ಕಿದವು.

ಹಾಲು ಬಿಟ್ಟ ಮೇಲೆ ಕರಿಯವ್ವನ ಕೈ ನಡೆಯಿತು. ಗೋವಿನಜೋಳದ ಹಿಟ್ಟು, ಗಿರಣಿಯ ತವಡು, ಬೆಟಗೇರಿಯ ಖಾನಾವಳಿಯಿಂದ ಟಂಟಂ ಗಾಡಿಯಲ್ಲಿ ಬರುವ ಉಳಿದ ಅನ್ನ. ಮರಿಗಳು ನೋಡನೋಡುತ್ತ ಗುಂಡಗಾದವು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಹೆಣ್ಣು ಮರಿಗೆ ಅವಳು ಚಂದ್ರಿ ಎಂದು ಹೆಸರಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಚಂದ್ರಿ ಏಳಲಿಲ್ಲ. ನಾಯಿಯಂತೆ ಹಿಂಭಾಗವನ್ನು ನೆಲಕ್ಕೂರಿ ಕುಳಿತು, ಮುಂಗಾಲುಗಳಿಂದಲೇ ಹಿಟ್ಟು ಹಾಕುವ ಕಲ್ಲಿನ ದೋಣಿಯ ಕಡೆಗೆ ತೆವಳಿತು. ಮೊಣಕಾಲ ಗಂಟುಗಳು ಬಾತಿದ್ದವು, ಹಿಂಗಾಲು ಬಿಲ್ಲಿನಂತೆ ಬಾಗಿತ್ತು. ಕೆಲವು ದಿನಗಳಲ್ಲಿ ಉಳಿದವೂ ಅದೇ ದಾರಿ ಹಿಡಿದವು.

ಗಾಳೆಪ್ಪ ಕೊಟ್ಟಿಗೆಯ ಮುಂದೆ ನಿಂತು ಹೇಳಿದ. "ಉಗಾದಿ ತನಕ ನೋಡತೀನಿ. ಎದ್ದು ನಿಂತವೋ, ಸೈ. ಇಲ್ಲಂದ್ರ ಬಾಗಲಾ ತಗದು ಹಳ್ಳಕ್ಕ ಹೊಡದಬಿಡತೀನಿ. ನಿನ್ನ ಮಾತಿಗೆ ಮೂಕಜೀವ ಯಾಕ ಸಾಯಬೇಕು?"

ಬಾಗಿಲು ತೆರೆದರೆ ಹಂದಿ ಎಲ್ಲಿಗೆ ಹೋಗುತ್ತವೆಂಬುದು ಕರಿಯವ್ವನಿಗೆ ಗೊತ್ತಿತ್ತು. ಬದು ದಾಟಿದ ದಿನವೇ ಅವಳ ಕಸುಬು ಮುಗಿದಂತೆ. ಮರುದಿನವೇ ಗದುಗಿನ ಬಸ್ಸು ಹತ್ತಿ ದನದ ದವಾಖಾನೆಗೆ ಹೋದಳು.

ಬಂದು ನೋಡಿದವಳು ಕಾವೇರಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಚಂದ್ರಿಯ ಕಾಲನ್ನು ಮೆಲ್ಲಗೆ ಒತ್ತಿ ನೋಡಿ ಕೇಳಿದಳು. "ಏನ ಹಾಕತೀರಿ ಇವಕ್ಕ?"

"ಏನ ಕಡಿಮಿ ಮಾಡೇನ್ರಿ? ಹಿಟ್ಟು, ತವಡು, ಅನ್ನ. ಹೊಟ್ಟಿ ನೋಡ್ರಿ, ಗಡಿಗಿ ಆಗ್ಯಾವು."

"ಹೊಟ್ಟಿ ತುಂಬೇತ್ರಿ ಯವ್ವಾ. ಎಲುವು ಉಪಾಸ ಅದಾವು."

ಡಾಕ್ಟರು ಬಿಡಿಸಿ ಹೇಳಿದಳು. ಎಲುವು ಗಟ್ಟಿಯಾಗಲು ಕ್ಯಾಲ್ಸಿಯಂ, ರಂಜಕವೆಂಬ ಫಾಸ್ಫರಸ್ ಎರಡೂ ಬೇಕು. ಕಾಳು ತವಡುಗಳಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಂಜಕವೇನೋ ಇದೆ, ಆದರೆ ಬಹಳಷ್ಟು ಹಂದಿಯ ಹೊಟ್ಟೆಗೆ ದಕ್ಕದ ರೂಪದಲ್ಲಿದೆ. ಮೇಲಾಗಿ ತಗಡಿನ ಮರೆಯಲ್ಲಿ ಬಿಸಿಲಿಲ್ಲ. ಬಿಸಿಲು ಬೀಳದಿದ್ದರೆ ತಿಂದ ಕ್ಯಾಲ್ಸಿಯಂ ಎಲುವಿಗೆ ಸೇರದು. ಮಾಂಸ ಬೇಗ ಬೆಳೆದು, ಆ ಭಾರಕ್ಕೆ ಮೆತ್ತನೆಯ ಎಲುವು ಬಾಗುತ್ತದೆ.

"ನಾ ಹೇಳಲಿಲ್ಲಾ?" ಎಂದು ಗಾಳೆಪ್ಪ ಎದೆಯುಬ್ಬಿಸಿದ. "ಮಣ್ಣು ಬೇಕ್ರಿ ಹಂದಿಗೆ."

"ನಿಮ್ಮ ಕೆಂಪು ಮಣ್ಣು ಎಳೀ ಮರಿ ರಕ್ತಕ್ಕ ಚಲೋ ಅಜ್ಜಾರ. ಎಲುವಿಗೆ ಅದೊಂದ ಸಾಲಂಗಿಲ್ಲ" ಎಂದು ಡಾಕ್ಟರು ಮೂಡಣ ಕಡೆಯ ತಗಡು ಬಿಚ್ಚಿಸಿದಳು. ಖನಿಜ ಮಿಶ್ರಣದ ಚೀಲ, ಸುಣ್ಣದಕಲ್ಲಿನ ನುಣ್ಣನೆ ಪುಡಿ ಎರಡನ್ನೂ ಬರೆದುಕೊಟ್ಟು, ಗೋಡೆಯ ಗೂಡಿನಲ್ಲಿದ್ದ ಕಿವಿ ಮುರಿದ ಚಹಾದ ಕಪ್ಪನ್ನು ಎತ್ತಿ ತೋರಿಸಿದಳು. "ಒಂದ ಬುಟ್ಟಿ ಹಿಟ್ಟಿಗೆ ಎರಡೂ ಇದರಲೆ ಒಂದೊಂದು, ಕಪ್ಪಿನ ತಲಿ ಸವರಿ ಮಟ್ಟಸ ಮಾಡಿ ಹಾಕ್ರಿ. ಎಲುವು ಬಲಿಯಾಕ ದಿನ ಹಿಡೀತೈತಿ. ಅವಸರ ಮಾಡಬ್ಯಾಡ್ರಿ."

"ಇಷ್ಟನ?" ಎಂದು ಕರಿಯವ್ವ ಕಪ್ಪನ್ನು ತಿರುಗಿಸಿ ನೋಡಿದಳು.

ಮೊದಮೊದಲು ಕಪ್ಪಿನಿಂದಲೇ ಹಾಕಿದಳು. ಬಿಸಿಲು ಬಿದ್ದ ಮೂಲೆಯಲ್ಲಿ ಒಂದು ದಿನ ಚಂದ್ರಿ ನಡುಗುತ್ತ ಎದ್ದು, ಒಂದು ಗಳಿಗೆ ನಿಂತು, ಕುಸಿಯಿತು. ಕರಿಯವ್ವನ ಕಣ್ಣಲ್ಲಿ ನೀರು ಬಂತು. ಇಷ್ಟರಿಂದಲೇ ಎದ್ದಿತೆಂದರೆ ಕೈ ತುಂಬ ಹಾಕಿದರೆ ಓಡೀತು ಎಂದುಕೊಂಡಳು. ಉಪವಾಸದ ಎಲುವಿಗೆ ಅಳೆದು ಹಾಕುವುದೆಂದರೇನು? ಕಪ್ಪು ಗೂಡಿಗೆ ಮರಳಿತು. ಸುಣ್ಣದಕಲ್ಲಿನ ಪುಡಿ ಬೊಗಸೆಬೊಗಸೆಯಾಗಿ ಬುಟ್ಟಿಗೆ ಬಿತ್ತು.

ಶಿವರಾತ್ರಿಯ ಸುಮಾರಿಗೆ ಮರಿಗಳ ಕಿವಿ, ಹೊಟ್ಟೆ, ಕಾಲುಗಳ ಮೇಲೆ ಕಂದು ಹಕ್ಕಳೆ ಕಟ್ಟತೊಡಗಿತು. ಹಿಟ್ಟು ದೋಣಿಯಲ್ಲಿಯೇ ಉಳಿಯಿತು. ಕಜ್ಜಿಯೆಂದು ಬೇವಿನೆಣ್ಣೆ ಹಚ್ಚಿದಳು. ಶಕ್ತಿ ಸಾಲದೆಂದು ಇನ್ನೊಂದು ಬೊಗಸೆ ಪುಡಿ ಹಾಕಿದಳು. ಎದ್ದಿದ್ದ ಮರಿಗಳೂ ಮತ್ತೆ ಮಂಕಾಗಿ ಮಲಗಿದವು. ಗಾಳೆಪ್ಪ ಬಾಗಿಲ ಅಗಳಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಹೋದ. ಕರಿಯವ್ವನಿಗೆ ಅಷ್ಟೇ ಸಾಕಾಯಿತು. ಡಾಕ್ಟರಿಗೆ ಫೋನು ಮಾಡಿಸಿದಳು.

ಕಾವೇರಿ ಮರಿಗಳನ್ನು ನೋಡಿದವಳೇ ಗೂಡಿನ ಕಡೆ ತಿರುಗಿದಳು. ಬೋರಲಾಗಿದ್ದ ಕಪ್ಪಿಗೆ ಜೇಡ ಬಲೆ ಕಟ್ಟಿತ್ತು.

"ಯವ್ವಾ, ಎಷ್ಟ ಹಾಕಾಕ ಹತ್ತೀರಿ?"

ಕರಿಯವ್ವ ಎರಡೂ ಕೈ ಜೋಡಿಸಿ ಬೊಗಸೆ ತೋರಿಸಿದಳು.

ಡಾಕ್ಟರು ಬೈಯಲಿಲ್ಲ. ಸುಣ್ಣದ ಪುಡಿ ಅತಿಯಾದರೆ ಅದು ಮಿಶ್ರಣದಲ್ಲಿದ್ದ ಸತುವನ್ನೂ ರಂಜಕವನ್ನೂ ಮೈಗೆ ಸೇರಗೊಡದು, ಈ ಹಕ್ಕಳೆ ಕಜ್ಜಿಯಲ್ಲ, ಸತುವಿನ ಕೊರತೆ, ಎಂದಳು. "ನಾ ಕೊಟ್ಟಿದ್ದು ಕಡಿಮಿ ಆಗಿರಲಿಲ್ರಿ."

ಹಿತ್ತಲ ಕಟ್ಟೆಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಗಾಳೆಪ್ಪ ತಲೆಯೆತ್ತಿದ. "ಅಲ್ಲ ಇಕಿನ, ಎಲಿಗೆ ಸುಣ್ಣಾ ಹಚ್ಚೂವಾಗ ಬೊಗಸಿಲೆ ಹಚ್ಚತೀಯೇನು? ಉಗುರ ತುದಿಲೆ ಹಚ್ಚಿದ್ರ ಬಾಯಿ ಕೆಂಪ ಆಗತೈತಿ. ಹೆಚ್ಚಾತಂದ್ರ ಸುಡತೈತಿ. ದಿನಾ ತಿಂತೀ, ಗೊತ್ತಿಲ್ಲಾ?"

ಗೊತ್ತಿತ್ತು. ನಲವತ್ತು ವರ್ಷದಿಂದ ಅವಳ ಉಗುರಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ, ಅಷ್ಟೇ. ಅಂದು ಸಂಜೆ ಕಪ್ಪನ್ನು ತೊಳೆದಳು. ಪಡಸಾಲೆಯ ಗೋಡೆಯಲ್ಲಿ ಮುದುಕವ್ವನ ಫೋಟೋ ಇತ್ತು. ಅದಕ್ಕೆ ಬೆನ್ನು ಮಾಡಿ ನಿಂತು, ಪುಡಿ ತುಂಬಿ, ಬೆರಳಿನಿಂದ ತಲೆ ಸವರಿ ಬುಟ್ಟಿಗೆ ಸುರಿದಳು. ಹೆಚ್ಚಾದ ಪುಡಿ ಚೀಲಕ್ಕೆ ಮರಳಿತು. ಕೆಲವು ದಿನ ಈ ಕೆಲಸ ಅವಳಿಗೆ ಕಳ್ಳತನದಂತೆಯೇ ಅನ್ನಿಸಿತು.

ಹಕ್ಕಳೆ ಮೆಲ್ಲಗೆ ಉದುರಿ ಹೊಸ ಚರ್ಮ ಕಂಡಿತು. ದೋಣಿ ಖಾಲಿಯಾಗತೊಡಗಿತು. ಒಂದೊಂದೇ ಮರಿ ಗೋಡೆಗೆ ಮೈಯಾನಿಸಿ ಎದ್ದಿತು. ಚಂದ್ರಿ ಮಾತ್ರ ಕುಳಿತೇ ಇತ್ತು.

ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ತಿಂದು ಗಾಳೆಪ್ಪ ನೇರವಾಗಿ ಹಿತ್ತಲಿಗೆ ನಡೆದ. ಹಬ್ಬಕ್ಕೆ ಮಾತಾಡಿಸಿ ಹೋಗಲು ಬಂದಿದ್ದ ಪುಂಡಲೀಕಪ್ಪನೂ ಹಿಂದೆಯೇ ಬಂದ. ಕರಿಯವ್ವ ಹಿಟ್ಟಿನ ಬುಟ್ಟಿ ಹಿಡಿದು ನಿಂತಲ್ಲಿಯೇ ನಿಂತಳು. ಗಾಳೆಪ್ಪ ಅಗಳಿಗೆ ಕೈ ಹಾಕಿದ.

ಬುಟ್ಟಿಯ ವಾಸನೆಗೆ ಮರಿಗಳು ಮೋಟು ಗೋಡೆಯ ಮೇಲೆ ಮುಂಗಾಲಿಟ್ಟು, ಮೈಭಾರವೆಲ್ಲ ಹಿಂಗಾಲಿನ ಮೇಲೆ ಹೊತ್ತು ಕಿರುಚತೊಡಗಿದವು. ಅವುಗಳ ಹಿಂದೆ ಚಂದ್ರಿ ಎದ್ದಿತು. ಎಡಗಾಲು ಬಾಗಿದ್ದು ಬಾಗಿದಂತೆಯೇ ಇತ್ತು. ಆದರೂ ನಾಲ್ಕೂ ಕಾಲ ಮೇಲೆ ಕುಂಟುತ್ತ ಬಂದು, ಅಣ್ಣತಮ್ಮಂದಿರನ್ನು ಮೂತಿಯಿಂದ ತಿವಿದು ದಾರಿ ಮಾಡಿಕೊಂಡಿತು.

ಗಾಳೆಪ್ಪ ಬಾಗಿಲು ತೆರೆದ, ಒಳಗೆ ಹೋದ, ಒಳಗಿನಿಂದ ಅಗಳಿ ಹಾಕಿಕೊಂಡ.

"ಯಾಕೋ ಗಾಳೆಪ್ಪ, ನೀನ ಒಳಗ ಸೇರಿಕೊಂಡಿ?" ಎಂದ ಪುಂಡಲೀಕಪ್ಪ.

"ನನ್ನ ಮೊಣಕಾಲೂ ಹಿಡದಾವು. ನನಗೂ ಒಂದ ಕಪ್ಪ ಹಾಕತಾಳೇನ ನೋಡತೀನಿ."

ಆಮೇಲೆ ಮನೆಯೊಳಗೆ ಪುಂಡಲೀಕಪ್ಪನಿಗೆ ಊಟದ ಎಲೆ ಹಾಕಿದರು. ಕರಿಯವ್ವ ಹೋಳಿಗೆಯ ಮೇಲೆ ಹೋಳಿಗೆ ಇಡುತ್ತ ಹೋದಳು.

"ಸಾಕವಾ, ಸಾಕು!" ಎಂದು ಆತ ಕೈ ಅಡ್ಡ ಹಿಡಿದ. "ಶೇಂಗಾ ಹೋಳಿಗಿ ಏನಿವು?"

"ಹೌದ್ರಿ ಕಾಕಾ. ಅಂಜಬ್ಯಾಡ್ರಿ, ನಿಮ್ಮ ಹೊಲದ್ದಲ್ಲ" ಎಂದು ಅವಳು ಅವನ ಕೈಯ ಮೇಲೆಯೇ ತುಪ್ಪ ಸುರಿದಳು.