ಡ್ರಿಲ್ ಮಾಸ್ತರನಿಗೆ ಬಿಸಿಲು ಆಗಲಿಲ್ಲ

ನಾನು ಕುರುಗೋಡಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರ. ಇಪ್ಪತ್ತು ವರ್ಷ ಮೈದಾನದಲ್ಲೇ ನಿಂತವನು. ನಮ್ಮ ಕಡೆಯ ಬಿಸಿಲನ್ನು ಬೈಯುವವರನ್ನು ಕಂಡರೆ ನಗುತ್ತಿದ್ದೆ. ನಲವತ್ತಾರನೇ ವಯಸ್ಸಿಗೆ ಆ ಬಿಸಿಲೇ ನನ್ನ ಮೈಗೆ ಆಗದೆ ಹೋಯಿತು.

ಮೊದಲು ಮುಂಗೈ ಮೇಲೆ ಸಣ್ಣ ಗುಳ್ಳೆಗಳೆದ್ದವು. ಆಮೇಲೆ ಕುತ್ತಿಗೆ, ಕಿವಿಯ ತುದಿ. ಅಂಗಿ ಮುಚ್ಚಿದ ಕಡೆ ಏನೂ ಇಲ್ಲ. ಅರ್ಧ ತೋಳು ಮುಗಿದಲ್ಲಿಂದ ಗೆರೆ ಎಳೆದಂತೆ ಕೆಂಪು, ತಡೆಯಲಾರದ ತುರಿಕೆ. ಔಷಧಿ ಅಂಗಡಿಯವನು ಗಜಕರ್ಣ ಎಂದು ಮುಲಾಮು ಕೊಟ್ಟ. ಎರಡು ತಿಂಗಳು ಹಚ್ಚಿದೆ. ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ನನ್ನ ಲೋಟ ಬೇರೆಯಾಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದನ್ನೊಂದನ್ನೇ ದೂರ ಇಡತೊಡಗಿದರು.

ಕೊನೆಗೆ ಹೆಂಡತಿ ಹಟ ಹಿಡಿದು ಬಳ್ಳಾರಿಯ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರಮ್ಮ ತೋಳಿನ ಗೆರೆ ನೋಡಿದ ಕೂಡಲೇ ನಾನು ಮಾಡುವ ಕೆಲಸ ಕೇಳಿದರು. ಇದು ಬಿಸಿಲಿನ ಅಲರ್ಜಿ, ಯಾರಿಗೂ ಅಂಟುವುದಿಲ್ಲ, ಆದರೆ ಪೂರ್ತಿ ಹೋಗುತ್ತದೆಂದು ಹೇಳಲಾರೆ ಎಂದರು. ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬಾರದು, ತುಂಬುತೋಳಿನ ಅಂಗಿ ಹಾಕಬೇಕು, ಎರಡೆರಡು ತಾಸಿಗೆ ಸನ್‌ಸ್ಕ್ರೀನ್ ಹಚ್ಚಬೇಕು.

ಹತ್ತರಿಂದ ನಾಲ್ಕು ಎಂದರೆ, ಬೆಳಗಿನ ಮೊದಲ ಪಿರಿಯಡ್ ಬಿಟ್ಟರೆ, ನಮ್ಮ ಶಾಲೆಯ ಪೂರ್ತಿ ಟೈಮ್.

ಹೆಡ್‌ಮಾಸ್ತರಿಗೆ ಚೀಟಿ ತೋರಿಸಿ, ಡ್ರಿಲ್ ಪಿರಿಯಡ್ಡುಗಳನ್ನು ಬೆಳಿಗ್ಗೆ ಮೊದಲಿಗೆ ಹಾಕಿ ಎಂದು ಕೇಳಿಕೊಂಡೆ. ಆ ಹೊತ್ತು ಗಣಿತ, ವಿಜ್ಞಾನಕ್ಕೆ ಬೇಕು ಎಂದರು. ನಾನು ಎದ್ದಾಗ ಇನ್ನೊಂದು ಮಾತು ಸೇರಿಸಿದರು: "ನಾವೆಲ್ಲ ಇದ ಬಿಸಿಲಾಗ ಹುಟ್ಟಿ ಬೆಳದವರಲ್ರಿ, ಮಾಸ್ತರ?"

ಚೀಟಿ ಮಡಚಿ ಜೇಬಿಗಿಟ್ಟು ಹೊರಬಂದೆ. ಆಮೇಲೆ ವಾರವಿಡೀ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ.

ಸನ್‌ಸ್ಕ್ರೀನ್ ಹಚ್ಚಿದರೆ ನನ್ನ ಕಪ್ಪು ಮುಖ ಬೂದಿ ಬಳಿದಂತೆ ಕಾಣುತ್ತಿತ್ತು. ನಾಟಕಕ್ಕ ಹೊಂಟೀರೇನು ಎಂದು ಜೊತೆಯ ಮಾಸ್ತರರು ಕೇಳುವರು. ಬೆವರಿಗೆ ಅದು ಅರ್ಧ ತಾಸಿನಲ್ಲಿ ಕಣ್ಣಿಗಿಳಿದು ಉರಿಯುತ್ತಿತ್ತು. ಒರೆಸಿಕೊಂಡರೆ ಮತ್ತೆ ಹಚ್ಚಬೇಕು.

ಆ ವರ್ಷ ನಮ್ಮ ಹುಡುಗಿಯರ ಖೋ ಖೋ ತಂಡವನ್ನು ಸಿರುಗುಪ್ಪದ ಕ್ರೀಡಾಕೂಟಕ್ಕೆ ಕರೆದೊಯ್ದೆ. ಬೇವಿನ ಮರದ ನೆರಳಿನಿಂದಲೇ ಕೂಗಿ ಹೇಳುತ್ತಿದ್ದೆ, ಆದರೆ ನನ್ನ ದನಿ ಅಂಕಣಕ್ಕೆ ಮುಟ್ಟುತ್ತಿರಲಿಲ್ಲ. ಅವರು ತಿರುತಿರುಗಿ ನನ್ನನ್ನು ಹುಡುಕುತ್ತಿದ್ದರು. ತಡೆಯಲಾಗದೆ ಗೆರೆಯ ಪಕ್ಕ ಹೋಗಿ ಆಟ ಮುಗಿಯುವವರೆಗೆ ನಿಂತೆ. ಆದರೂ ಸೋತರು. ಮರುದಿನ ತುಟಿ ತುಂಬ ಗುಳ್ಳೆ. ಸೀಟಿ ಬಾಯಿಗಿಡಲೂ ಆಗಲಿಲ್ಲ.

ಹೆಂಡತಿ ಮುಂಗೈಗೆ ತಣ್ಣೀರ ಬಟ್ಟೆ ಒತ್ತುತ್ತಾ, "ಇಷ್ಟೆಲ್ಲ ಗೊತ್ತಿದ್ದೂ ಯಾಕ ನಿಂತ್ರಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು.

"ಹುಡುಗ್ಯಾರು ನನ್ನ ಕಡೀನ ನೋಡಾಕತ್ತಿದ್ರು" ಎಂದೆ.

ಆ ತುಟಿಗಳೊಂದಿಗೇ ಹೆಡ್‌ಮಾಸ್ತರ ಎದುರು ಹೋಗಿ ನಿಂತೆ. ಅವರು ಟೈಮ್‌ಟೇಬಲ್ ತೆಗೆದರು. ಎರಡು ತರಗತಿಗಳ ಡ್ರಿಲ್ ಬೆಳಿಗ್ಗೆಗೆ ಬಂತು. ಉಳಿದವರನ್ನು ಮೈದಾನಕ್ಕೆ ಕರೆದೊಯ್ಯಲು ಹಿಂದಿ ಟೀಚರ್ ಒಪ್ಪಿದರು. ಆ ಹೊತ್ತು ಅವರಲ್ಲಿ ಆಟ ಬೇಡವೆಂದವರಿಗೆ ನಾನು ಹಾಲ್‌ನಲ್ಲಿ ಚೆಸ್ ಕಲಿಸಬೇಕು.

ಗುಳ್ಳೆಗಳು ಈಗ ಕಡಿಮೆ. ಕಿಟಕಿಯಿಂದ ಹೊರಗೆ ಹಿಂದಿ ಟೀಚರ್ ಸಾಲು ನಿಲ್ಲಿಸುವುದು ಕಾಣುತ್ತದೆ. ಸಾಲು ಡೊಂಕಾಗಿರುತ್ತದೆ, ಎದ್ದು ಹೋಗಿ ಸರಿಮಾಡಲು ಕಾಲುಗಳು ತುಡಿಯುತ್ತವೆ. ಚೆಸ್ ನನಗೆ ಅಷ್ಟಾಗಿ ಬರುವುದಿಲ್ಲ. ಎಂಟನೇ ತರಗತಿಯ ಹುಡುಗಿಯರು ನನ್ನನ್ನು ಸೋಲಿಸುತ್ತಾರೆ.